ಖಾಲಿ ಕೊಬ್ಬಿನ ಮೆತ್ತೆಯಲ್ಲಿ ಮತ್ತೆ ಚಿಗುರುವ ಸ್ತನಗ್ರಂಥಿ: ಕಾಂಡಕೋಶದ ಶಕ್ತಿಯನ್ನು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಮರಿಗಳನ್ನು ಬೇರೆ ಮಾಡಿದ ಮೇಲೆ ತಾಯಿ ಇಲಿಯ ಸ್ತನಗ್ರಂಥಿ ಏನಾಗುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಮೊದಲ ಎರಡು ದಿನ ಕೆಲವು ಕೋಶಗಳು ಸಾಯತೊಡಗಿದರೂ ಗ್ರಂಥಿಯ ಕಟ್ಟಡ ನಿಂತೇ ಇರುತ್ತದೆ. ಆಗ ಮರಿಗಳನ್ನು ವಾಪಸು ಬಿಟ್ಟರೆ ಹಾಲು ಮತ್ತೆ ಶುರುವಾಗುತ್ತದೆ. ಆ ಗಡುವು ದಾಟಿತೋ, ಹಿಂದಿರುಗುವ ದಾರಿಯಿಲ್ಲ. ಆಲ್ವಿಯೋಲೈ ಎನ್ನುವ ಹಾಲಿನ ಗೂಡುಗಳು ಕುಸಿಯುತ್ತವೆ, ಆ ಜಾಗವನ್ನು ಕೊಬ್ಬು ತುಂಬಿಕೊಳ್ಳುತ್ತದೆ. ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಎಲೆ ಉದುರಿದ ಮರದ ಹಾಗೆ ಬರೀ ನಾಳಗಳ ರೆಂಬೆ ಉಳಿದಿರುತ್ತದೆ. ಇಲಿ ಮತ್ತೆ ಗಬ್ಬವಾದರೆ ಅದೇ ರೆಂಬೆಗಳ ಮೇಲೆ ಗೂಡುಗಳು ಹೊಸದಾಗಿ ಮೂಡುತ್ತವೆ. ಒಂದು ಬಸಿರಲ್ಲ, ಪ್ರತಿ ಬಸಿರಿನಲ್ಲೂ.

ಇದನ್ನು ಮತ್ತೆ ಮತ್ತೆ ಕಟ್ಟುವವರು ಯಾರು? ತನ್ನಂಥದ್ದನ್ನೂ ಹುಟ್ಟಿಸಿ, ಬೇರೆ ಬಗೆಯ ಕೋಶಗಳನ್ನೂ ಕೊಡಬಲ್ಲ ಕೋಶಕ್ಕೆ ಕಾಂಡಕೋಶ (ಸ್ಟೆಮ್ ಸೆಲ್) ಎನ್ನುತ್ತಾರೆ, ಅನುಮಾನ ಅದರ ಮೇಲೆ. ಈ ಪ್ರಶ್ನೆಗೆ ಉತ್ತರ ಹುಡುಕಲು, ಖಾಲಿ ಮಾಡಿದ ಕೊಬ್ಬಿನ ಮೆತ್ತೆಯಲ್ಲಿ ಕೋಶಗಳನ್ನು ನೆಟ್ಟು ಗ್ರಂಥಿ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು, ಹೊಸದಾಗಿ ಲ್ಯಾಬಿಗೆ ಬಂದ ವಿದ್ಯಾರ್ಥಿಗೆ ಬೆಂಚಿನ ಪಕ್ಕ ನಿಲ್ಲಿಸಿಕೊಂಡು ಹೇಳಿಕೊಡುವಂತೆ ಇಲ್ಲಿ ಬರೆದಿದ್ದೇನೆ. ಎಂ.ಎಸ್ಸಿ., ಪಿಎಚ್.ಡಿ. ಮಾಡುವವರಿಗೆ ಇದು ಕೈಪಿಡಿ. ಉಳಿದವರಿಗೆ, ಪತ್ರಿಕೆಯಲ್ಲಿ ‘ಕಾಂಡಕೋಶ ಪತ್ತೆ’ ಎಂಬ ಸುದ್ದಿ ಬಂದಾಗ ಅದರ ಹಿಂದೆ ಎಂಥ ಕೆಲಸ ನಡೆದಿರುತ್ತದೆ ಎಂದು ಅರಿಯಲು ಒಂದು ದಾರಿ.

ಶುರುವಿನಲ್ಲೇ ಎರಡು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ: ‘ಬಲ್ಲದು’ ಮತ್ತು ‘ಮಾಡುತ್ತದೆ’. ಒಂದು ಕೋಶ ಏನು ಮಾಡಬಲ್ಲದು ಎಂಬುದು ಒಂದು ಪ್ರಶ್ನೆ. ತನ್ನ ಮನೆಯಲ್ಲಿ, ತನ್ನ ನೆರೆಹೊರೆಯ ನಡುವೆ ಅದು ದಿನನಿತ್ಯ ಏನು ಮಾಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಈ ಕ್ಷೇತ್ರದಲ್ಲಿ ಹತ್ತಾರು ವರ್ಷ ನಡೆದ ವಾದಗಳ ಮೂಲ ಈ ಎರಡನ್ನು ಕಲಸಿಬಿಟ್ಟದ್ದೇ ಎಂದು ನಾನು ನಂಬುತ್ತೇನೆ.

ಮೊದಲು ಅಂಗಾಂಶದ ಪರಿಚಯ

ಹಾಲಿನ ನಾಳವನ್ನು ಅಡ್ಡ ಕೊಯ್ದು ನೋಡಿದರೆ ಎರಡು ಪದರಗಳು ಕಾಣುತ್ತವೆ. ಒಳಗಿನ ಪೊಳ್ಳಿಗೆ ಮುಖ ಮಾಡಿ ನಿಂತವು ಲ್ಯೂಮಿನಲ್ ಕೋಶಗಳು. ಹಾಲು ತಯಾರಿಸುವವು ಇವೇ. ಇವನ್ನು ಹೊರಗಿನಿಂದ ತಬ್ಬಿಕೊಂಡಿರುವವು ಬೇಸಲ್ ಕೋಶಗಳು. ಇವುಗಳಲ್ಲಿ ಬಹುಪಾಲು ಮಯೋಎಪಿಥೀಲಿಯಲ್, ಅಂದರೆ ಸ್ನಾಯುವಿನಂತೆ ಹಿಂಡಬಲ್ಲವು. ಕರು ಕೆಚ್ಚಲಿಗೆ ಗುದ್ದಿದಾಗ ಹಸು ಸೊರೆ ಬಿಡುತ್ತದಲ್ಲ, ಆ ಗಳಿಗೆಯಲ್ಲಿ ಆಕ್ಸಿಟೋಸಿನ್ ಕರೆಗೆ ಓಗೊಟ್ಟು ಗೂಡುಗಳನ್ನು ಹಿಂಡುವವು ಇವು. ಗುರುತಿಸುವುದಕ್ಕೆ ಕೆರಾಟಿನ್ ಪ್ರೋಟೀನ್‌ಗಳಿವೆ: ಲ್ಯೂಮಿನಲ್ ಕೋಶಕ್ಕೆ ಕೆರಾಟಿನ್ 8 ಮತ್ತು 18, ಬೇಸಲ್ ಕೋಶಕ್ಕೆ ಕೆರಾಟಿನ್ 5 ಮತ್ತು 14.

ಇಲಿಗೆ ಐದು ಜೊತೆ ಸ್ತನಗ್ರಂಥಿಗಳು. ನಮ್ಮ ಕೆಲಸಕ್ಕೆ ಬೇಕಾದ್ದು ತೊಡೆಯ ಸಂದಿನ ಬಳಿಯ ನಾಲ್ಕನೆಯ ಜೊತೆ. ಇದರಲ್ಲಿ ಒಂದು ಅನುಕೂಲವಿದೆ. ಹುಟ್ಟಿದ ಮರಿಯಲ್ಲಿ ತೊಟ್ಟಿನ ಬುಡದಲ್ಲಿ ನಾಳದ ಒಂದು ಪುಟ್ಟ ಮೊಳಕೆ ಮಾತ್ರ ಇರುತ್ತದೆ, ಉಳಿದದ್ದೆಲ್ಲ ಕೊಬ್ಬಿನ ಮೆತ್ತೆ. ಮೂರು ವಾರದ ವಯಸ್ಸಿನಲ್ಲೂ ನಾಳಗಳು ಮೆತ್ತೆಯ ನಡುವಿನ ಲಿಂಫ್ ನೋಡ್ (ಬಿಳಿ ರಕ್ತಕಣಗಳು ತುಂಬಿರುವ ಗಂಟು) ಹತ್ತಿರ ಬಂದಿರುತ್ತವೆ ಅಷ್ಟೇ. ಹರೆಯ ಬಂದಾಗ ನಾಳಗಳ ತುದಿಯಲ್ಲಿ ದಪ್ಪ ಮೊಗ್ಗುಗಳು ಕಾಣಿಸಿಕೊಂಡು ಮೆತ್ತೆಯ ಅಂಚಿನವರೆಗೂ ಕೊರೆಯುತ್ತಾ ಹೋಗುತ್ತವೆ. ಹತ್ತು ಹನ್ನೆರಡು ವಾರಕ್ಕೆ ಮೆತ್ತೆ ತುಂಬಿರುತ್ತದೆ. ಅಂದಮೇಲೆ ಮೂರನೆಯ ವಾರದಲ್ಲಿ ಆ ಪುಟ್ಟ ಮೂಲವನ್ನು ತೆಗೆದುಬಿಟ್ಟರೆ? ಬೆಳೆ ಇಲ್ಲದ ಹದವಾದ ಹೊಲ ಸಿಕ್ಕಂತೆ. 1959ರಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಿಓಮ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ನಾವು ಇವತ್ತಿಗೂ ಉಳುತ್ತಿರುವುದು ಅದೇ ಹೊಲವನ್ನು.

1998ರಲ್ಲಿ ಕೋರ್ಡನ್ ಮತ್ತು ಸ್ಮಿತ್ ಅವರು ವೈರಸ್ಸಿನ ಡಿಎನ್ಎ ಸೇರಿಕೊಂಡ ಜಾಗಗಳನ್ನು ಗುರುತಾಗಿ ಹಿಡಿದು, ಇಡೀ ಗ್ರಂಥಿ ಒಂದೇ ಕೋಶದ ಸಂತಾನವಾಗಿರಬಹುದು ಎಂದು ತೋರಿಸಿದರು. 2006ರ ಆರಂಭದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಬಂದವು: ಮೆಲ್ಬರ್ನಿನಿಂದ ಶ್ಯಾಕಲ್ಟನ್, ಲಿಂಡೆಮನ್, ವಿಸ್ವೇಡರ್ ತಂಡದ್ದೊಂದು, ವ್ಯಾಂಕೂವರಿನಿಂದ ಸ್ಟಿಂಗಲ್, ಈವ್ಸ್ ತಂಡದ್ದೊಂದು. ಕೋಶದ ಮೇಲ್ಮೈಯ ಗುರುತುಗಳನ್ನು ನೋಡಿ ಕೋಶಗಳನ್ನು ಆರಿಸಿಕೊಂಡು, ಒಂದೇ ಒಂದು ಕೋಶದಿಂದ ಗ್ರಂಥಿ ಬೆಳೆಸಿದ್ದರು. ಮುಂದಿನ ಹೆಜ್ಜೆಗಳು ಆ ದಾರಿಯವೇ.

ಹೆಜ್ಜೆ 1: ಅನುಮತಿ

ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯ್ದೆ, 1960ರ ಅಡಿಯಲ್ಲಿ ರಚನೆಯಾದ ಕೇಂದ್ರ ಸಮಿತಿಯಲ್ಲಿ ನಿಮ್ಮ ಸಂಸ್ಥೆಯ ಪ್ರಾಣಿಗೃಹ ನೋಂದಣಿಯಾಗಿರಬೇಕು. ಸಂಸ್ಥೆಯ ನೈತಿಕ ಸಮಿತಿ ನಿಮ್ಮ ಯೋಜನೆಯನ್ನು ಒಪ್ಪಿರಬೇಕು. ಅರ್ಜಿಯಲ್ಲಿ ಇಲಿಗಳ ಸಂಖ್ಯೆಯನ್ನು ಅಂದಾಜಿನ ಮೇಲೆ ಬರೆಯಬೇಡಿ. ಹೆಜ್ಜೆ 6ರಲ್ಲಿ ಬರುವ ಲೆಕ್ಕವನ್ನು ಈಗಲೇ ಮಾಡಿಕೊಂಡು, ಎಷ್ಟು ಮೆತ್ತೆಗಳು ಬೇಕು ಎಂದು ಕಂಡುಕೊಂಡು ಬರೆಯಿರಿ.

ಹೆಜ್ಜೆ 2: ಗ್ರಂಥಿಯಿಂದ ಬಿಡಿ ಕೋಶಗಳಿಗೆ

ದಾನಿಗಳಾಗಿ 8ರಿಂದ 12 ವಾರದ, ಇನ್ನೂ ಕೂಡಿಸದ ಹೆಣ್ಣಿಲಿಗಳು ಸೂಕ್ತ. ದಾನಿ ಮತ್ತು ಪಡೆಯುವ ಇಲಿ ಒಂದೇ ತಳಿಯವಾಗಿರಲಿ, ಇಲ್ಲದಿದ್ದರೆ ಪಡೆಯುವ ಇಲಿಯ ರೋಗನಿರೋಧಕ ವ್ಯವಸ್ಥೆ ನಿಮ್ಮ ಕೋಶಗಳನ್ನು ಹೊರಗಿನವು ಎಂದು ಕೊಂದುಬಿಡುತ್ತದೆ. ದಾನಿಯಲ್ಲಿ ಹಸಿರು ಹೊಳೆಯುವ ಜಿಎಫ್‌ಪಿ ಅಥವಾ ನೀಲಿ ಬಣ್ಣ ಕೊಡುವ ಲ್ಯಾಕ್‌ಝಡ್ ಗುರುತು ಇದ್ದರೆ ಆಮೇಲಿನ ಅರ್ಧ ತಲೆನೋವು ತಪ್ಪುತ್ತದೆ.

ಗ್ರಂಥಿ ತೆಗೆಯುವಾಗ ಲಿಂಫ್ ನೋಡ್ ಬಿಡಿಸಿ ಬಿಸಾಡಿ. ಅದು ಉಳಿದರೆ ನಿಮ್ಮ ಕೊಳವೆ ತುಂಬ ಬಿಳಿ ರಕ್ತಕಣಗಳೇ. ಉಳಿದ ಅಂಗಾಂಶವನ್ನು ಬಾಗಿದ ಕತ್ತರಿಯಲ್ಲಿ ಪೇಸ್ಟಿನಂತಾಗುವವರೆಗೆ ಕೊಚ್ಚಿ. ಮಿಲಿಲೀಟರಿಗೆ 300 ಯೂನಿಟ್ ಕೊಲಾಜಿನೇಸ್, 100 ಯೂನಿಟ್ ಹಯಲುರಾನಿಡೇಸ್ ಇರುವ ಮೀಡಿಯಂನಲ್ಲಿ ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತಾ ಇಡಿ. ಒಂದು ಗಂಟೆಯ ಮೇಲೆ ಆಗಾಗ ಒಂದು ಹನಿ ತೆಗೆದು ನೋಡಿ. ಕೊಬ್ಬು ತೇಲಿ, ನಾಳಗಳ ತುಣುಕುಗಳು ಬಿಡಿಬಿಡಿಯಾಗಿ, ದ್ರಾಕ್ಷಿ ಗೊಂಚಲಿನ ಚೂರುಗಳಂತೆ ಕಂಡರೆ ಸಾಕು. ಕಿಣ್ವದ ತಯಾರಿ ಬದಲಾದರೆ ಸಮಯವೂ ಬದಲಾಗುತ್ತದೆ, ಹಾಗಾಗಿ ಗಡಿಯಾರಕ್ಕಿಂತ ಕಣ್ಣನ್ನು ನಂಬಿ.

ಈ ಗೊಂಚಲುಗಳನ್ನು ಬಿಡಿ ಕೋಶಗಳಾಗಿ ಒಡೆಯುವುದು ಸೂಕ್ಷ್ಮ ಕೆಲಸ. 0.25 ಶೇಕಡಾ ಟ್ರಿಪ್ಸಿನ್‌ನಲ್ಲಿ ಒಂದೆರಡು ನಿಮಿಷ, ಆಮೇಲೆ ಮಿಲಿಲೀಟರಿಗೆ 5 ಮಿಲಿಗ್ರಾಂ ಡಿಸ್ಪೇಸ್ ಮತ್ತು 0.1 ಮಿಲಿಗ್ರಾಂ ಡಿಎನ್ಏಸ್ ಸೇರಿಸಿದ ದ್ರಾವಣದಲ್ಲಿ ಐದು ನಿಮಿಷ. ಟ್ರಿಪ್ಸಿನ್ ಹೊತ್ತು ಮೀರಿದರೆ ನೀವು ಹುಡುಕಲಿರುವ ಮೇಲ್ಮೈ ಪ್ರೋಟೀನ್‌ಗಳೇ ಕತ್ತರಿಸಿಹೋಗಬಹುದು. ಡಿಎನ್ಏಸ್ ಯಾಕೆಂದರೆ, ಸತ್ತ ಕೋಶಗಳಿಂದ ಹೊರಬಿದ್ದ ಡಿಎನ್ಎ ಲೋಳೆಯಂತೆ ಎಲ್ಲವನ್ನೂ ಅಂಟಿಸಿಬಿಡುತ್ತದೆ. ಪಿಪೆಟ್ಟಿನ ತುದಿಯಲ್ಲಿ ಮೂಗಿನ ಸಿಂಬಳದಂಥ ಎಳೆ ನೇತಾಡಿದರೆ ಇನ್ನಷ್ಟು ಡಿಎನ್ಏಸ್ ಬೇಕು ಎಂದರ್ಥ. ಕೆಂಪು ರಕ್ತಕಣಗಳನ್ನು ಅಮೋನಿಯಂ ಕ್ಲೋರೈಡ್‌ನಿಂದ ಒಡೆದು, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಐಸ್ ಮೇಲೆ ಇಡಿ.

ಸೋಸಿದ ಮೇಲೂ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಮುಂದೆ ಹೋಗಿ. ಎರಡು ಕೋಶಗಳು ಅಂಟಿಕೊಂಡಿದ್ದರೆ, ಒಂದು ಬೇಸಲ್ ಒಂದು ಲ್ಯೂಮಿನಲ್, ಆ ಜೋಡಿ ‘ಎರಡೂ ಬಗೆಯ ಕೋಶ ಕೊಡಬಲ್ಲ ಒಂದು ಕಾಂಡಕೋಶ’ ಎಂದು ನಿಮ್ಮನ್ನು ನಂಬಿಸಿಬಿಡುತ್ತದೆ.

ಹೆಜ್ಜೆ 3: ಆರಿಸುವುದು

ಫ್ಲೋ ಸೈಟೋಮೀಟರಿನಲ್ಲಿ ಕೋಶಗಳು ಒಂದೊಂದೇ ಲೇಸರ್ ಮುಂದೆ ಹಾದುಹೋಗುತ್ತವೆ. ಪ್ರತಿಕಾಯಗಳಿಗೆ ಅಂಟಿಸಿದ ಬಣ್ಣಗಳ ಹೊಳಪನ್ನು ನೋಡಿ ಯಂತ್ರ ಅವನ್ನು ಬೇರೆ ಬೇರೆ ಕೊಳವೆಗೆ ಬೀಳಿಸುತ್ತದೆ.

ಮೊದಲು ಬೇಡವಾದವನ್ನು ತೆಗೆಯಿರಿ. ಸಿಡಿ45 ಇದ್ದರೆ ಬಿಳಿ ರಕ್ತಕಣ, ಟಿಇಆರ್119 ಇದ್ದರೆ ಕೆಂಪು ರಕ್ತಕಣದ ವಂಶ, ಸಿಡಿ31 ಇದ್ದರೆ ರಕ್ತನಾಳದ ಕೋಶ. ಈ ಮೂರಕ್ಕೂ ಒಂದೇ ಬಣ್ಣ ಸಾಕು. ಸತ್ತ ಕೋಶಕ್ಕೆ ಡಾಪಿ ಅಥವಾ ಪ್ರೊಪಿಡಿಯಂ ಅಯೊಡೈಡ್. ಉಳಿದವನ್ನು ಸಿಡಿ24 ಮತ್ತು ಸಿಡಿ29 ಎಂಬ ಎರಡು ಮೇಲ್ಮೈ ಪ್ರೋಟೀನ್‌ಗಳು ಎಷ್ಟಿವೆ ಎಂಬುದರ ಮೇಲೆ ಹರಡಿ. ವ್ಯಾಂಕೂವರ್ ತಂಡದ ದಾರಿ ಹಿಡಿದರೆ ಸಿಡಿ29ರ ಬದಲು ಸಿಡಿ49ಎಫ್. ಪರದೆಯ ಮೇಲೆ ಎಪಿಥೀಲಿಯಂನ, ಅಂದರೆ ನಾಳದ ಆ ಎರಡು ಪದರಗಳ, ಎರಡು ಮೋಡಗಳು ಕಾಣುತ್ತವೆ. ಸಿಡಿ24 ಹೆಚ್ಚು, ಸಿಡಿ29 ಕಡಿಮೆ ಇರುವುದು ಲ್ಯೂಮಿನಲ್. ಸಿಡಿ24 ಇದ್ದು ಸಿಡಿ29 ಹೆಚ್ಚಿರುವುದು ಬೇಸಲ್. ಸಿಡಿ24 ಇಲ್ಲದ್ದು ಸ್ಟ್ರೋಮಾ, ಅಂದರೆ ನಾಳದ ಸುತ್ತಲಿನ ಆಧಾರ ಅಂಗಾಂಶ.

ಗ್ರಂಥಿ ಕಟ್ಟಬಲ್ಲ ಕೋಶಗಳು ಬಹುಪಾಲು ಬೇಸಲ್ ಮೋಡದಲ್ಲೇ ಇರುತ್ತವೆ. ಆದರೆ ಆ ಮೋಡವೇ ಕಾಂಡಕೋಶವಲ್ಲ. ಮೆಲ್ಬರ್ನ್ ತಂಡದ ಎಣಿಕೆಯಲ್ಲಿ ಆ ಗುಂಪಿನ ಸುಮಾರು 64 ಕೋಶಕ್ಕೆ ಒಂದು ಮಾತ್ರ ಗ್ರಂಥಿ ಕಟ್ಟಿತು. ಉಳಿದ 63 ಸಾಮಾನ್ಯ ಬೇಸಲ್ ಕೋಶಗಳೋ, ದಾರಿಯಲ್ಲಿ ಪೆಟ್ಟು ತಿಂದ ಕಾಂಡಕೋಶಗಳೋ, ಗೇಟಿನ, ಅಂದರೆ ಕೋಶ ಆರಿಸಲು ಪರದೆಯ ಮೇಲೆ ಎಳೆದ ಗೆರೆಯ, ಒಳಗೆ ನಿಂತು ಹೇಳಲಾಗದು. ‘ಸಿಡಿ29 ಹೆಚ್ಚಿರುವ ಕಾಂಡಕೋಶಗಳನ್ನು ಬೇರ್ಪಡಿಸಿದೆವು’ ಎಂದು ಬರೆದ ಪ್ರಬಂಧ ಕಂಡರೆ ಒಂದು ಪ್ರಶ್ನೆಚಿಹ್ನೆ ಹಾಕಿಡಿ. ಅವರು ಬೇರ್ಪಡಿಸಿದ್ದು ಕಾಂಡಕೋಶವೂ ಸೇರಿರುವ ಒಂದು ಗುಂಪನ್ನು.

ಎಪಿಥೀಲಿಯಲ್ ಕೋಶಗಳು ಒತ್ತಡ ಸಹಿಸುವುದಿಲ್ಲ. 100 ಮೈಕ್ರಾನ್ ನಾಝಲ್, ಕಡಿಮೆ ಒತ್ತಡ, ಬೀಳುವ ಕೊಳವೆಯಲ್ಲಿ ಸೀರಂ ಇರಲಿ. ಒಂದೊಂದು ಬಣ್ಣದ ಕಂಟ್ರೋಲ್ (ಹೋಲಿಸಿ ನೋಡುವ ಮಾದರಿ), ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಕಂಟ್ರೋಲ್ ಪ್ರತಿ ಸಲವೂ ಮಾಡಿ. ಹಿಂದಿನ ವಾರದ ಗೇಟನ್ನು ಈ ವಾರಕ್ಕೆ ಎತ್ತಿಡಬೇಡಿ.

ಇನ್ನೊಂದು ವಿಷಯವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ದಾನಿ ಇಲಿ ಋತುಚಕ್ರದ ಯಾವ ಹಂತದಲ್ಲಿತ್ತು? 2010ರಲ್ಲಿ ಎರಡು ತಂಡಗಳು ತೋರಿಸಿದಂತೆ ಈ ಕೋಶಗಳ ಸಂಖ್ಯೆ ಹಾರ್ಮೋನಿನ ಮೇಲೆ ಏರಿಳಿಯುತ್ತದೆ. ಪ್ರೊಜೆಸ್ಟೆರಾನ್ ಹೆಚ್ಚಿರುವ ಡೈಈಸ್ಟ್ರಸ್ ಹಂತದಲ್ಲೂ ಗಬ್ಬದ ನಡುವೆಯೂ ಅದು ಹತ್ತು ಪಟ್ಟು ಮೀರಿ ಏರಿದ್ದು ಕಂಡಿತು. ಸೋಜಿಗವೆಂದರೆ ಈ ಬೇಸಲ್ ಗುಂಪಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟೆರಾನ್‌ಗಳ ಗ್ರಾಹಕಗಳು ಇಲ್ಲವೆನ್ನುವಷ್ಟು ಕಡಿಮೆ. ಹಾರ್ಮೋನಿನ ಮಾತು ಕೇಳಿಸಿಕೊಳ್ಳುವುದು ಪಕ್ಕದ ಲ್ಯೂಮಿನಲ್ ಕೋಶಗಳು. ಅವು ಆರ್‌ಎಎನ್‌ಕೆ-ಎಲ್, ಡಬ್ಲ್ಯುಎನ್‌ಟಿ4ನಂಥ ಸಂಕೇತಗಳನ್ನು ಕಳಿಸಿ ಇವನ್ನು ಎಬ್ಬಿಸುತ್ತವೆ. ಇಲಿಯ ಚಕ್ರ ನಾಲ್ಕೈದು ದಿನದ್ದು. ಯೋನಿಯ ಸ್ಮಿಯರ್ ತೆಗೆದು ಹಂತ ಬರೆದಿಡಲು ಎರಡು ನಿಮಿಷ ಸಾಕು. ಬರೆದಿಡದಿದ್ದರೆ ಎರಡು ಗುಂಪುಗಳ ನಡುವೆ ಕಂಡ ವ್ಯತ್ಯಾಸ ನಿಮ್ಮ ಜೀನಿನದೋ ಹಾರ್ಮೋನಿನದೋ ಎಂದು ಎಂದಿಗೂ ತಿಳಿಯದು.

ಹೆಜ್ಜೆ 4: ಹೊಲ ಹಸನು ಮಾಡುವುದು

ಇಡೀ ಪರೀಕ್ಷೆ ನಿಂತಿರುವುದು ಈ ಹೆಜ್ಜೆಯ ಮೇಲೆ.

ಪಡೆಯುವ ಇಲಿಗೆ ಸರಿಯಾಗಿ ಮೂರು ವಾರ ಆಗಿರಬೇಕು. ನಾಲ್ಕನೆಯ ವಾರ ದಾಟಿದರೆ ನಾಳಗಳು ಲಿಂಫ್ ನೋಡನ್ನು ಹಾದುಹೋಗಿರುತ್ತವೆ, ಆಗ ಎಷ್ಟು ಕತ್ತರಿಸಿದರೂ ಬೇರು ಉಳಿಯುತ್ತದೆ. ಅರಿವಳಿಕೆ ಕೊಟ್ಟು, ನೋವುನಿವಾರಕ ಮೊದಲೇ ಚುಚ್ಚಿ, ಬೆಚ್ಚನೆಯ ಪ್ಯಾಡ್ ಮೇಲೆ ಮಲಗಿಸಿ. ಇಷ್ಟು ಎಳೆಯ ಮರಿ ಬಹಳ ಬೇಗ ತಣ್ಣಗಾಗುತ್ತದೆ. ಹೊಟ್ಟೆಯ ಚರ್ಮದ ಮೇಲೆ ತಲೆಕೆಳಗಾದ ‘ವೈ’ ಆಕಾರದಲ್ಲಿ ಕೊಯ್ದು, ಒಂದು ಮಗ್ಗುಲಿನ ಚರ್ಮವನ್ನು ಹತ್ತಿಕಡ್ಡಿಯಿಂದ ಮೆಲ್ಲನೆ ಬಿಡಿಸಿ ಹೊರಳಿಸಿ. ಹೊಟ್ಟೆಯ ಗೋಡೆಗೆ ಕತ್ತರಿ ತಾಗಬಾರದು.

ಈಗ ಚರ್ಮದ ಒಳಮೈಗೆ ಅಂಟಿದಂತೆ ಕೊಬ್ಬಿನ ಮೆತ್ತೆ ಕಾಣುತ್ತದೆ. ಮೆತ್ತೆಯಲ್ಲಿ ರಕ್ತನಾಳಗಳು ಕೂಡುವ ಕಡೆ ಸಣ್ಣ ಕಾಳಿನಷ್ಟು ದೊಡ್ಡ ಲಿಂಫ್ ನೋಡ್ ಇರುತ್ತದೆ. ಅದೇ ಗಡಿಕಲ್ಲು. ತೊಟ್ಟಿನ ಬಳಿಯ ರಕ್ತನಾಳಗಳನ್ನು ಕಾಟರಿಯಿಂದ ಸುಟ್ಟು ಮುಚ್ಚಿ, ನಾಲ್ಕನೆಯ ಮತ್ತು ಐದನೆಯ ಗ್ರಂಥಿಯ ನಡುವಿನ ಕೊಬ್ಬಿನ ಸೇತುವೆಯನ್ನು ಕಡಿದುಹಾಕಿ. ಆಮೇಲೆ ತೊಟ್ಟಿನಿಂದ ಹಿಡಿದು ಲಿಂಫ್ ನೋಡ್ ಸೇರಿದಂತೆ ಅಷ್ಟು ಭಾಗವನ್ನು ಒಂದೇ ತುಂಡಾಗಿ ತೆಗೆಯಿರಿ. ಸೇತುವೆ ಕಡಿಯದಿದ್ದರೆ ಐದನೆಯ ಗ್ರಂಥಿಯ ನಾಳಗಳು ಅದರ ಮೇಲೆ ಹಾಯ್ದು ಬಂದು ನಿಮ್ಮ ಖಾಲಿ ಹೊಲದಲ್ಲಿ ಮೊಳೆಯುತ್ತವೆ.

ತೆಗೆದ ತುಂಡನ್ನು ಬಿಸಾಡಬೇಡಿ. ಗಾಜಿನ ಪಟ್ಟಿಯ ಮೇಲೆ ಹರಡಿ, ಇಲಿಯ ಸಂಖ್ಯೆ ಮತ್ತು ಎಡವೋ ಬಲವೋ ಎಂದು ಪೆನ್ಸಿಲ್ಲಿನಲ್ಲಿ ಬರೆದು, ಫಿಕ್ಸ್ ಮಾಡಿ ಕಾರ್ಮೈನ್ ಬಣ್ಣ ಹಾಕಿ. ಮಾರನೆಯ ದಿನ ನೋಡಿದರೆ ತೆಳು ಗುಲಾಬಿ ಕೊಬ್ಬಿನ ನಡುವೆ ಗಾಢ ಕೆಂಪು ಬಣ್ಣದ ಪುಟ್ಟ ಗಿಡ ಕಾಣುತ್ತದೆ. ಅದರ ಎಲ್ಲ ಕೊಂಬೆಗಳ ತುದಿ ತುಂಡಿನ ಒಳಗೇ ಮುಗಿದಿರಬೇಕು, ತುದಿಯ ಆಚೆಗೆ ಖಾಲಿ ಕೊಬ್ಬಿನ ಅಂಚು ಇರಬೇಕು. ಒಂದೇ ಒಂದು ಕೊಂಬೆ ಕತ್ತರಿಸಿದ ಅಂಚಿಗೆ ಬಂದು ನಿಂತಿದ್ದರೂ ಆ ಮೆತ್ತೆಯನ್ನು ಲೆಕ್ಕದಿಂದ ಹೊರಗಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಈ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ಈ ತುಂಡುಗಳಿಗೆ ಬಣ್ಣ ಹಾಕಿರಲಿಲ್ಲ. ತೀರಾ ಕಡಿಮೆ ಕೋಶ ಹಾಕಿದ ಮೆತ್ತೆಗಳಲ್ಲೂ ಸೊಗಸಾದ ನಾಳಗಳು ಬೆಳೆದಿದ್ದವು. ಎರಡು ದಿನ ಸಂಭ್ರಮದಲ್ಲಿದ್ದೆ. ಮೂರನೆಯ ದಿನ, ಹಸನು ಮಾಡಿ ಯಾವ ಕೋಶವನ್ನೂ ಹಾಕದೆ ಬಿಟ್ಟಿದ್ದ ಕಂಟ್ರೋಲ್ ಮೆತ್ತೆಯನ್ನು ತೆಗೆದರೆ ಅಲ್ಲೂ ಅವೇ ನಾಳಗಳು, ತೊಟ್ಟಿನ ದಿಕ್ಕಿನಿಂದ ಸಾಲಾಗಿ ನಡೆದುಬಂದಿದ್ದವು. ನಾಲ್ಕು ತಿಂಗಳ ಕೆಲಸವನ್ನೂ ಅಷ್ಟು ಇಲಿಗಳ ಜೀವವನ್ನೂ ಕಳೆದುಕೊಂಡೆವು. ಇಲಿಗಳ ವಿಷಯಕ್ಕೆ ಇವತ್ತಿಗೂ ಸಂಕಟವಾಗುತ್ತದೆ. ಅಂದಿನಿಂದ ತೆಗೆದ ಪ್ರತಿ ತುಂಡಿಗೂ ಬಣ್ಣ ಬೀಳುತ್ತದೆ, ಪ್ರತಿ ಬ್ಯಾಚಿನಲ್ಲೂ ಕೋಶ ಹಾಕದ ಖಾಲಿ ಮೆತ್ತೆ ಇರುತ್ತದೆ.

ಹೆಜ್ಜೆ 5: ನಾಟಿ, ಕಾಯುವಿಕೆ, ಓದು

ಆರಿಸಿದ ಕೋಶಗಳನ್ನು ಬೇಕಾದ ಎಣಿಕೆಗೆ ತೆಳುಗೊಳಿಸಿ, 10 ಮೈಕ್ರೋಲೀಟರಿನಲ್ಲಿ ಹ್ಯಾಮಿಲ್ಟನ್ ಸಿರಿಂಜಿನಿಂದ ಉಳಿದ ಮೆತ್ತೆಯ ನಡುವಿಗೆ ಚುಚ್ಚಿ. ದ್ರಾವಣದಲ್ಲಿ ಅರ್ಧ ಸೀರಂ ಇರಲಿ, ಬೇಕಿದ್ದರೆ ಸ್ವಲ್ಪ ಮ್ಯಾಟ್ರಿಜೆಲ್. ಒಂಚೂರು ಟ್ರಿಪಾನ್ ಬ್ಲೂ ಸೇರಿಸಿದರೆ ಮೆತ್ತೆಯ ಒಳಗೆ ನೀಲಿ ಗುಳ್ಳೆ ಏಳುವುದು ಕಣ್ಣಿಗೆ ಕಾಣುತ್ತದೆ. ಗುಳ್ಳೆ ಏಳದೆ ನೀಲಿ ಹೊರಗೆ ಹರಡಿದರೆ ಕೋಶಗಳು ಸೋರಿಹೋದವು ಎಂದು ಅಲ್ಲೇ ಬರೆದಿಡಿ. ಒಂದೇ ಇಲಿಯ ಎಡಕ್ಕೆ ಒಂದು ಗುಂಪು, ಬಲಕ್ಕೆ ಇನ್ನೊಂದು ಹಾಕಿದರೆ ಎರಡಕ್ಕೂ ಹಾರ್ಮೋನು ಒಂದೇ, ಹೋಲಿಕೆ ನ್ಯಾಯವಾಗಿರುತ್ತದೆ. ಚರ್ಮವನ್ನು ಕ್ಲಿಪ್ಪಿನಿಂದ ಮುಚ್ಚಿ, ಎಚ್ಚರವಾಗುವವರೆಗೆ ಪಕ್ಕದಲ್ಲೇ ಇರಿ.

ಆರರಿಂದ ಎಂಟು ವಾರ ಕಾಯಬೇಕು. ಆಮೇಲೆ ಮೆತ್ತೆಯನ್ನು ಪೂರ್ತಿಯಾಗಿ ತೆಗೆದು ಗಾಜಿನ ಮೇಲೆ ಹರಡಿ, ಆರು ಪಾಲು ಎಥನಾಲ್, ಮೂರು ಪಾಲು ಕ್ಲೋರೋಫಾರ್ಮ್, ಒಂದು ಪಾಲು ಅಸಿಟಿಕ್ ಆಮ್ಲದ ಕಾರ್ನಾಯ್ ದ್ರಾವಣದಲ್ಲಿ ಫಿಕ್ಸ್ ಮಾಡಿ, ರಾತ್ರಿಯಿಡೀ ಕಾರ್ಮೈನ್ ಆಲಂನಲ್ಲಿ ಬಿಡಿ. ಆಲ್ಕೋಹಾಲಿನಲ್ಲಿ ನೀರಿನಂಶ ತೆಗೆದು ಝೈಲೀನ್‌ಗೆ ಹಾಕಿದರೆ ಕೊಬ್ಬು ಗಾಜಿನಂತಾಗುತ್ತದೆ. ಜಿಎಫ್‌ಪಿ ಇದ್ದರೆ ಇದಕ್ಕೆಲ್ಲ ಮೊದಲೇ ಫ್ಲೋರೆಸೆನ್ಸ್ ಚಿತ್ರ ತೆಗೆದುಕೊಳ್ಳಿ, ಈ ದ್ರಾವಣಗಳಲ್ಲಿ ಹೊಳಪು ಉಳಿಯುವುದಿಲ್ಲ.

ಚುಚ್ಚಿದ ಜಾಗದಿಂದ ಎಲ್ಲ ದಿಕ್ಕಿಗೂ ಹರಡಿದ, ಕವಲೊಡೆದ ನಾಳಗಳ ಮರ ಕಂಡರೆ ಅದು ನಿಮ್ಮ ಬೆಳೆ. ತೊಟ್ಟಿನ ಕಡೆಯಿಂದ ಒಂದೇ ದಿಕ್ಕಿಗೆ ಹರಿದದ್ದಾದರೆ ಪಡೆದ ಇಲಿಯದು. ಎಷ್ಟು ಭಾಗ ತುಂಬಿದರೆ ‘ಬೆಳೆದಿದೆ’ ಎನ್ನಬೇಕು ಎಂಬ ಮಿತಿಯನ್ನು ನೋಡುವ ಮೊದಲೇ ನಿಗದಿ ಮಾಡಿ, ಯಾವ ಮೆತ್ತೆಗೆ ಏನು ಹಾಕಿದೆ ಎಂದು ಗೊತ್ತಿಲ್ಲದವರ ಕೈಯಲ್ಲಿ ಓದಿಸಿ. ಬಳಿಕ ಅಡ್ಡ ಕೊಯ್ದು ಕೆರಾಟಿನ್ 8, ಕೆರಾಟಿನ್ 14 ಎರಡೂ ಪದರ ಇವೆಯೇ ಎಂದು ನೋಡಿ.

ಹೆಜ್ಜೆ 6: ಎಣಿಕೆ

ಒಂದೇ ಪ್ರಮಾಣ ಹಾಕಿ ಶೇಕಡಾವಾರು ಹೋಲಿಸಿದರೆ ಸಾಲದು. 1000, 300, 100, 30, 10 ಕೋಶಗಳು ಹೀಗೆ ಇಳಿಸುತ್ತಾ ಹಾಕಿ, ಎಷ್ಟು ಮೆತ್ತೆಗಳಲ್ಲಿ ಏನೂ ಬೆಳೆಯಲಿಲ್ಲ ಎಂದು ಎಣಿಸಬೇಕು. ಲೆಕ್ಕದ ಜೀವ ಇರುವುದು ಖಾಲಿ ಮೆತ್ತೆಗಳಲ್ಲಿ. ಅಪರೂಪದ ಘಟನೆಗಳ ಸಂಭವವನ್ನು ಲೆಕ್ಕ ಹಾಕುವ ಪಾಸಾನ್ ನಿಯಮದ ಪ್ರಕಾರ 37 ಶೇಕಡಾ ಮೆತ್ತೆಗಳು ಖಾಲಿ ಉಳಿದ ಪ್ರಮಾಣದಲ್ಲಿ ಸರಾಸರಿ ಒಂದು ಕಾಂಡಕೋಶ ಇತ್ತು ಎಂದರ್ಥ. ಉದಾಹರಣೆಗೆ 100 ಕೋಶ ಹಾಕಿದ 20 ಮೆತ್ತೆಗಳಲ್ಲಿ 8ರಲ್ಲಿ ಬೆಳೆ ಬಂತು ಎನ್ನಿ. 12 ಖಾಲಿ, ಅಂದರೆ 0.6. ಅದರ ಸ್ವಾಭಾವಿಕ ಲಾಗರಿದಮ್ಮಿನ ಚಿಹ್ನೆ ಬದಲಿಸಿದರೆ 0.51. ನೂರನ್ನು ಅದರಿಂದ ಭಾಗಿಸಿದರೆ ಸುಮಾರು 196. ಆ ಗುಂಪಿನಲ್ಲಿ 196 ಕೋಶಕ್ಕೆ ಒಂದು. ಎಲ್ಲ ಪ್ರಮಾಣಗಳನ್ನೂ ಸೇರಿಸಿ ನಂಬಿಕೆಯ ಮಿತಿಗಳ ಸಮೇತ ಲೆಕ್ಕ ಕೊಡುವ ‘ಎಲ್ಡಾ’ ಎಂಬ ಉಚಿತ ತಂತ್ರಾಂಶ ಜಾಲದಲ್ಲಿದೆ, 2009ರಲ್ಲಿ ಮೆಲ್ಬರ್ನಿನ ಅದೇ ಸಂಸ್ಥೆಯವರು ಹೊರತಂದದ್ದು. ಎಲ್ಲ ಮೆತ್ತೆಗಳೂ ಬೆಳೆದರೆ ಅಥವಾ ಎಲ್ಲವೂ ಖಾಲಿಯಾದರೆ ಏನೂ ತಿಳಿಯುವುದಿಲ್ಲ, ಪ್ರಮಾಣ ಬದಲಿಸಿ ಮತ್ತೆ ಮಾಡಬೇಕು.

ಹೆಜ್ಜೆ 7: ಹಾಲು ಮತ್ತು ಮರುನಾಟಿ

ನಾಟಿ ಮಾಡಿದ ಇಲಿಯನ್ನು ಗಂಡಿಲಿಯ ಜೊತೆ ಬಿಡಿ. ಗಬ್ಬದ ಕೊನೆಯ ದಿನಗಳಲ್ಲಿ ಬೆಳೆಯನ್ನು ತೆಗೆದು ನೋಡಿದರೆ ಗೂಡುಗಳು ತುಂಬಿ, ಬೀಟಾ ಕೇಸಿನ್‌ನಂಥ ಹಾಲಿನ ಪ್ರೋಟೀನು ಕಾಣಬೇಕು. ಈ ಹಾಲು ಹೊರಗೆ ಬರುವುದಿಲ್ಲ, ಯಾಕೆಂದರೆ ಹೊಸ ಮರಕ್ಕೂ ತೊಟ್ಟಿಗೂ ಸಂಪರ್ಕವಿಲ್ಲ.

ಎರಡನೆಯ ಪರೀಕ್ಷೆ ಇನ್ನೂ ಕಠಿಣ. ಬೆಳೆದ ಮರದಿಂದ ಕೋಶ ತೆಗೆದು ಮತ್ತೊಂದು ಖಾಲಿ ಮೆತ್ತೆಗೆ, ಅಲ್ಲಿಂದ ಇನ್ನೊಂದಕ್ಕೆ. ಮತ್ತೆ ಮರ ಬೆಳೆದರೆ ಮೊದಲ ಕಾಂಡಕೋಶ ತನ್ನಂಥದ್ದನ್ನೇ ಇನ್ನಷ್ಟು ಹುಟ್ಟುಹಾಕಿತ್ತು ಎಂದು ತಿಳಿಯುತ್ತದೆ. ಇದಕ್ಕೂ ಮಿತಿಯುಂಟು. ಚಾರ್ಲ್ಸ್ ಡೇನಿಯಲ್ 1960ರ ದಶಕದಲ್ಲಿ ಮಾಡಿದ ಸರಣಿ ನಾಟಿಗಳಲ್ಲಿ ಸಹಜ ಅಂಗಾಂಶ ಕೆಲವು ತಲೆಮಾರುಗಳ ಬಳಿಕ ಸೊರಗುತ್ತಾ ಬಂತು. ಕ್ಯಾನ್ಸರಿನತ್ತ ಹೊರಳಿದ ಅಂಗಾಂಶಕ್ಕೆ ಆ ಮಿತಿ ಇರಲಿಲ್ಲ.

ಹೆಜ್ಜೆ 8: ಕೋಶವನ್ನು ಅದರ ಮನೆಯಲ್ಲೇ ನೋಡುವುದು

ಇಲ್ಲಿಯವರೆಗೆ ನಾವು ತಿಳಿದದ್ದು ‘ಬಲ್ಲದು’ ಮಾತ್ರ. ಕೋಶವನ್ನು ಕಿಣ್ವದಲ್ಲಿ ಬಿಡಿಸಿ, ಲೇಸರ್ ಮುಂದೆ ಹಾಯಿಸಿ, ಒಂಟಿಯಾಗಿ ಕೊಬ್ಬಿನಲ್ಲಿ ಬಿಟ್ಟದ್ದು ಅದಕ್ಕೆ ದೊಡ್ಡ ಗಾಯವಾದಂತೆಯೇ. ‘ಮಾಡುತ್ತದೆ’ ತಿಳಿಯಲು ಲಿನಿಯೇಜ್ ಟ್ರೇಸಿಂಗ್, ಅಂದರೆ ಕೋಶದ ವಂಶದ ಜಾಡು ಹಿಡಿಯುವ ವಿಧಾನ, ಬೇಕು. ಕೆರಾಟಿನ್ 14 ಅಥವಾ ಕೆರಾಟಿನ್ 8ರ ಪ್ರಮೋಟರಿಗೆ (ಜೀನನ್ನು ಚಾಲೂ ಮಾಡುವ ಡಿಎನ್ಎ ತುಣುಕಿಗೆ) ಡಿಎನ್ಎ ಕತ್ತರಿಸಿ ಜೋಡಿಸುವ ಕ್ರೀ ಕಿಣ್ವವನ್ನು ಹೊಂದಿಸಿದ ಇಲಿಗೆ ಔಷಧಿ ಕೊಟ್ಟು, ಆ ದಿನ ಆ ಜಾತಿಯ ಕೋಶಗಳಿಗೆ ಅಳಿಸಲಾಗದ ಬಣ್ಣ ಹಾಕಿಸಿ, ತಿಂಗಳುಗಟ್ಟಲೆ ಬಿಟ್ಟು ಮಕ್ಕಳು ಮೊಮ್ಮಕ್ಕಳಲ್ಲಿ ಬಣ್ಣ ಎಲ್ಲಿದೆ ನೋಡುವುದು.

2011ರಲ್ಲಿ ಬ್ರಸೆಲ್ಸ್‌ನ ಬ್ಲಾನ್‌ಪ್ಯಾನ್ ತಂಡ ಇದನ್ನು ಮಾಡಿದಾಗ ಬಂದ ಉತ್ತರ ಅನೇಕರನ್ನು ಬೆಚ್ಚಿಬೀಳಿಸಿತು. ಭ್ರೂಣದಲ್ಲಿ ಬಣ್ಣ ಹಾಕಿದರೆ ಎರಡೂ ಪದರಕ್ಕೆ ಬಣ್ಣ ಬಂತು. ಹುಟ್ಟಿದ ಮೇಲೆ ಹಾಕಿದರೆ ಬೇಸಲ್ ಕೋಶದ ಮಕ್ಕಳು ಬೇಸಲ್ಲಾಗಿಯೇ, ಲ್ಯೂಮಿನಲ್ಲಿನ ಮಕ್ಕಳು ಲ್ಯೂಮಿನಲ್ಲಾಗಿಯೇ ಉಳಿದವು, ಬಸಿರಿನಲ್ಲೂ ಹಾಗೆಯೇ. ನಾಟಿಯಲ್ಲಿ ಇಡೀ ಗ್ರಂಥಿ ಕಟ್ಟಿದ್ದ ಅದೇ ಬೇಸಲ್ ಕೋಶ ಮನೆಯಲ್ಲಿ ತನ್ನ ಪದರವನ್ನಷ್ಟೇ ನೋಡಿಕೊಳ್ಳುತ್ತದೆ! 2014ರಲ್ಲಿ ಮೆಲ್ಬರ್ನ್ ತಂಡ, ಬೆಳೆದ ಗ್ರಂಥಿಯಲ್ಲೂ ಎರಡೂ ಬಗೆ ಕೊಡುವ ಕೋಶಗಳಿವೆ ಎಂದು ಬಣ್ಣಗಳ ಮೂಲಕವೇ ವಾದಿಸಿತು. ಆಮೇಲೆ ಬಂದ ಹೆಚ್ಚು ಕಟ್ಟುನಿಟ್ಟಿನ ಅಧ್ಯಯನಗಳು ಒಟ್ಟಾರೆ ಮೊದಲ ಉತ್ತರದ ಕಡೆಗೇ ವಾಲಿವೆ ಎಂಬುದು ನನ್ನ ಓದು.

ಹಾಗಾದರೆ ಮುಚ್ಚಿಟ್ಟ ಶಕ್ತಿಯನ್ನು ತಡೆಹಿಡಿದಿರುವವರು ಯಾರು? 2020ರಲ್ಲಿ ಬ್ರಸೆಲ್ಸ್ ತಂಡ ಜೀವಂತ ಇಲಿಯಲ್ಲಿ ಲ್ಯೂಮಿನಲ್ ಕೋಶಗಳನ್ನು ಮಾತ್ರ ಕೊಂದು ನೋಡಿತು. ಪಕ್ಕದ ಬೇಸಲ್ ಕೋಶಗಳು ಲ್ಯೂಮಿನಲ್ ಮಕ್ಕಳನ್ನು ಹುಟ್ಟಿಸತೊಡಗಿದವು. ಲ್ಯೂಮಿನಲ್ ಕೋಶಗಳು ಸ್ರವಿಸುವ ಟಿಎನ್‌ಎಫ್ ಎಂಬ ಸಂಕೇತ ಆ ತಡೆಗಳಲ್ಲಿ ಒಂದು. ನೆರೆಯವರು ಇರುವ ತನಕ ಸುಮ್ಮನಿದ್ದು, ನೆರೆಮನೆ ಬಿದ್ದಾಗ ಎದ್ದು ಕಟ್ಟುವ ಸ್ವಭಾವ ಇದು. ಪುನರುತ್ಪತ್ತಿಯ ಗುಟ್ಟು ಕೋಶದೊಳಗೆ ಎಷ್ಟಿದೆಯೋ ನೆರೆಹೊರೆಯಲ್ಲೂ ಅಷ್ಟೇ ಇದೆ. 2007ರ ಸುಮಾರಿಗೆ ಸ್ಮಿತ್ ತಂಡ ವೃಷಣದ ಕೋಶಗಳನ್ನು ಸ್ತನ ಕೋಶಗಳ ಜೊತೆ ಬೆರೆಸಿ ಖಾಲಿ ಮೆತ್ತೆಗೆ ಹಾಕಿದಾಗ ಅವೂ ಸ್ತನಗ್ರಂಥಿಯ ಭಾಗವಾದದ್ದು ಈ ಮಾತಿಗೆ ಇನ್ನೊಂದು ಸಾಕ್ಷಿ.

ಈ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಕ್ರೀ ಚಾಲೂ ಮಾಡಲು ಬಳಸುವ ಟ್ಯಾಮಾಕ್ಸಿಫೆನ್ ಸ್ವತಃ ಈಸ್ಟ್ರೋಜನ್ ಗ್ರಾಹಕಕ್ಕೆ ಅಂಟುವ ಔಷಧಿ, ಸ್ತನ ಕ್ಯಾನ್ಸರಿಗೆ ಕೊಡುವುದೂ ಅದನ್ನೇ. ಪ್ರಮಾಣ ಹೆಚ್ಚಾದರೆ ಹರೆಯದ ಗ್ರಂಥಿಯ ಬೆಳವಣಿಗೆಯೇ ತಡವಾಗುತ್ತದೆ. ಸಾಧ್ಯವಿದ್ದರೆ ಡಾಕ್ಸಿಸೈಕ್ಲಿನ್‌ನಿಂದ ಚಾಲೂ ಆಗುವ ಇಲಿಗಳನ್ನು ಬಳಸಿ.

ಹಸು ಮತ್ತು ಹೆಂಗಸು

ಇಲಿಯ ಪಾಠವನ್ನು ಹಾಗೆ ಹಾಗೇ ಹಸುವಿಗೆ ಒಯ್ಯಬಾರದು. ನಮ್ಮ ಹಳ್ಳಿಗಳಲ್ಲಿ ಕರು ಹಾಕುವ ಸುಮಾರು ಎರಡು ತಿಂಗಳ ಮೊದಲು ಹಸುವನ್ನು ಬತ್ತಿಸುತ್ತಾರೆ. ಆಗ ಕೆಚ್ಚಲು ಇಲಿಯದರಂತೆ ಪೂರ್ತಿ ಕುಸಿಯುವುದಿಲ್ಲ, ಹಸು ಆಗಲೇ ಗಬ್ಬವಾಗಿರುತ್ತದೆ. ಹಳೆಯ ಕೋಶಗಳು ಹೋಗಿ ಹೊಸವು ಬರುವ ಕಾಲ ಅದು. ಬತ್ತಿಸದೆ ಕರೆಯುತ್ತಲೇ ಹೋದರೆ ಮುಂದಿನ ಸೂಲಿನಲ್ಲಿ ಹಾಲು ಇಳಿಯುತ್ತದೆ ಎಂದು ರೈತರು ತಲೆತಲಾಂತರದಿಂದ ಬಲ್ಲರು. ಈ ಕೋಶ ಬದಲಾವಣೆಯನ್ನು ಅಮೆರಿಕದ ಕೃಷಿ ಇಲಾಖೆಯ ಕಪೂಕೊ ಮೊದಲಾದವರು ಡಿಎನ್ಎಗೆ ಗುರುತು ಸೇರಿಸಿ ಅಳೆದಿದ್ದಾರೆ.

ಮಾನವ ಅಂಗಾಂಶದ ಕಷ್ಟ ಬೇರೆ. ಇಲಿಯ ಮೆತ್ತೆ ಬಹುಪಾಲು ಬರೀ ಕೊಬ್ಬು, ಹೆಂಗಸರ ಸ್ತನದಲ್ಲಿ ನಾಳಗಳ ಸುತ್ತ ನಾರಿನ ಅಂಗಾಂಶ ದಟ್ಟವಾಗಿರುತ್ತದೆ. ಆದ್ದರಿಂದ ಮಾನವ ಕೋಶಗಳು ಇಲಿಯ ಖಾಲಿ ಮೆತ್ತೆಯಲ್ಲಿ ಸುಮ್ಮನೆ ಬೆಳೆಯುವುದಿಲ್ಲ. 2004ರಲ್ಲಿ ಕೂಪರ್‌ವಾಸರ್ ಮತ್ತು ಸಂಗಡಿಗರು ಮೊದಲು ಮಾನವ ಫೈಬ್ರೋಬ್ಲಾಸ್ಟ್‌ಗಳನ್ನು (ನಾರಿನ ಅಂಗಾಂಶ ಕಟ್ಟುವ ಕೋಶಗಳನ್ನು) ಮೆತ್ತೆಯಲ್ಲಿ ನೆಲೆಗೊಳಿಸಿ ಆಮೇಲೆ ಎಪಿಥೀಲಿಯಲ್ ಕೋಶ ಹಾಕಿದರು. 2008ರಲ್ಲಿ ವ್ಯಾಂಕೂವರ್ ತಂಡ ಜೆಲ್‌ನಲ್ಲಿ ಬೆರೆಸಿ ಇಲಿಯ ಮೂತ್ರಪಿಂಡದ ಪೊರೆಯ ಕೆಳಗೆ ಇಟ್ಟಿತು. ಬಟ್ಟಲಲ್ಲಿ ತೇಲಿಸಿ ಬೆಳೆಸುವ ಮ್ಯಾಮೋಸ್ಫಿಯರ್ ವಿಧಾನ 2003ರಿಂದ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರ ಪ್ರಯೋಗಾಲಯ ಸ್ತನದ ಕಾಂಡಕೋಶ ಮತ್ತು ಕ್ಯಾನ್ಸರ್ ಕಾಂಡಕೋಶಗಳ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ, ಆಸಕ್ತರು ಅವರ ಪ್ರಬಂಧಗಳಿಂದ ಓದು ಶುರುಮಾಡಬಹುದು.

ಇದೇ ಜ್ಞಾನದ ಹೆಸರಿನಲ್ಲಿ ‘ಸ್ತನಕ್ಕೆ ಕಾಂಡಕೋಶ ಚಿಕಿತ್ಸೆ’ ಎಂದು ಜಾಹೀರಾತು ಕಂಡರೆ ದೂರವಿರಿ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ರಕ್ತಮೂಲ ಕಾಂಡಕೋಶ ಕಸಿಯನ್ನು ಬಿಟ್ಟು ಉಳಿದುದನ್ನು ಒಪ್ಪಿತ ಚಿಕಿತ್ಸೆಯೆಂದು ಮಾನ್ಯ ಮಾಡಿಲ್ಲ. ಸ್ತನದ ಎಪಿಥೀಲಿಯಂನಲ್ಲಿ ಬೆಳೆಯುವ ಶಕ್ತಿಗೂ ಕ್ಯಾನ್ಸರಿಗೂ ಹತ್ತಿರದ ನಂಟಿದೆ. ಬಿಆರ್‌ಸಿಎ1 ಜೀನಿನಲ್ಲಿ ದೋಷವಿರುವ ಮಹಿಳೆಯರ ಅಂಗಾಂಶದಲ್ಲಿ ಕ್ಯಾನ್ಸರಿಗೆ ಮೊದಲೇ ಲ್ಯೂಮಿನಲ್ ಪೂರ್ವಜ ಕೋಶಗಳು ಅಸಹಜವಾಗಿ ನಡೆದುಕೊಳ್ಳುವುದನ್ನು ಮೆಲ್ಬರ್ನ್ ತಂಡ 2009ರಲ್ಲಿ ವರದಿ ಮಾಡಿತು.

ಮಾನವ ಅಂಗಾಂಶ ನಿಮ್ಮ ಕೈಗೆ ಬರುವುದು ಹೆಚ್ಚಾಗಿ ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆಯಿಂದ. ಒಪ್ಪಿಗೆ ಪತ್ರ ಆಕೆಗೆ ತಿಳಿಯುವ ಭಾಷೆಯಲ್ಲಿ ಇರಲಿ, ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಓದಿ ಹೇಳಿ, ಬೇಡ ಎನ್ನಲು ಬಿಡುವು ಕೊಡಿ. ವಯಸ್ಸು, ಎಷ್ಟು ಹೆರಿಗೆಯಾಗಿದೆ, ಕೊನೆಯ ಮುಟ್ಟಿನ ದಿನ, ಹಾರ್ಮೋನಿನ ಗುಳಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಹೆಸರಿಲ್ಲದೆ, ಒಂದು ಸಂಕೇತದ ಕೆಳಗೆ ಬರೆದಿಡಿ. ಥಿಯೇಟರಿನ ಬಾಗಿಲಲ್ಲಿ ತಣ್ಣನೆಯ ಮೀಡಿಯಂ ಇರುವ ಬಾಟಲಿ ಹಿಡಿದು ನೀವೇ ನಿಂತಿರಿ. ಬರೀ ಹಳದಿ ಕೊಬ್ಬನ್ನು ಕೊಯ್ದು ಬದಿಗಿಟ್ಟು, ಬೆರಳಿಗೆ ಗಟ್ಟಿಯಾಗಿ ಸಿಗುವ ಬಿಳಿ ನಾರಿನ ಎಳೆಗಳನ್ನು ಆರಿಸಿಕೊಳ್ಳಿ, ನಾಳಗಳು ಇರುವುದು ಅಲ್ಲಿ. ಕೊಲಾಜಿನೇಸ್‌ನಲ್ಲಿ ಇದಕ್ಕೆ ಇಡೀ ರಾತ್ರಿ ಬೇಕಾಗುತ್ತದೆ. ಬೆಳಿಗ್ಗೆ ತಳದಲ್ಲಿ ಕೂತ ಗೊಂಚಲುಗಳಲ್ಲಿ ಅಂದಿನ ಕೆಲಸಕ್ಕೆ ಬೇಕಾದಷ್ಟನ್ನು ತೆಗೆದುಕೊಂಡು, ಮಿಕ್ಕದ್ದನ್ನು ಗೊಂಚಲಾಗಿಯೇ, ಬಿಡಿಸದೆ, ದ್ರವ ಸಾರಜನಕಕ್ಕೆ ಹಾಕಿಡಿ.